ಓಡಿಬಂದ ರಾಜಕುಮಾರನನ್ನು ಕೊಡೋದಾ, ಬೇಡವಾ: ಈ ಜಗಳವನ್ನು ತರಗತಿಯಲ್ಲಿ ಆಡಿಸುವ ಬಗೆ

ನಾನು ಚಿತ್ರದುರ್ಗದಲ್ಲಿ ಪಿಯು ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ. ಕೆಳದಿ ಚೆನ್ನಮ್ಮ ಅಂದ ಕೂಡಲೇ ನಮ್ಮ ಮಕ್ಕಳೆಲ್ಲ ಒಂದೇ ಮಾತು ಹೇಳುತ್ತಾರೆ: ‘ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು, ಔರಂಗಜೇಬನಿಗೆ ಹೆದರಲಿಲ್ಲ.’ ಮಾತು ಸರಿಯಾಗೇ ಇದೆ. ಅದರ ಮುಂದಿನದನ್ನು ಕೇಳಿ ನೋಡಿ. ‘ಅವನನ್ನು ಒಪ್ಪಿಸು’ ಅಂತ ಪತ್ರ ಬಂದಾಗ ಏನು ಉತ್ತರ ಬರೆಯಬೇಕು? ಯಾರ ಬಾಯೂ ಏಳುವುದಿಲ್ಲ.

ಆ ಉತ್ತರವನ್ನು ಮಕ್ಕಳಿಂದಲೇ ಬರೆಸುವುದು ಹೇಗೆ ಅನ್ನೋದನ್ನು ಇಲ್ಲಿ ಹೇಳುತ್ತಿದ್ದೇನೆ. ಊರು ಬಿಟ್ಟು ಓಡಿಬಂದ ರಾಜಕುಮಾರ, ಅವನನ್ನು ವಾಪಸ್ ಕೇಳುವ ದೊಡ್ಡ ದೊರೆ, ನಡುವೆ ಸಿಕ್ಕಿಕೊಂಡ ಚಿಕ್ಕ ರಾಜ್ಯ. ಚರಿತ್ರೆಯಲ್ಲಿ ಇದು ಎಷ್ಟು ಸಲ ನಡೆದಿದೆಯೋ! ಬರೀ ಪಾಠ ಮಾಡಿದರೆ ಮಕ್ಕಳು ನೋಟ್ಸ್ ಬರೆದುಕೊಂಡು ಸುಮ್ನಾಗುತ್ತಾರೆ. ಆಡಿಸಿದರೆ ರಾಜತಂತ್ರ ಅಂದರೆ ಏನು ಅಂತ ಅವರಿಗೇ ಹೊಳೆಯುತ್ತದೆ. ಬೇಕಾಗುವುದು ಜಾಸ್ತಿ ಏನಿಲ್ಲ. ಒಂದರ ಹಿಂದೆ ಒಂದು ಬರುವ ಎರಡು ಪಿರಿಯಡ್, ಗೋಡೆಗೆ ಒಂದು ದಕ್ಷಿಣ ಭಾರತದ ಭೂಪಟ, ಒಂದಷ್ಟು ಖಾಲಿ ಹಾಳೆ.

ಹತ್ತಿರದ ಕಥೆಯಿಂದ ಶುರು ಮಾಡಿ

ಮೊದಲ ಸಲ ದೂರದ ಕಥೆ ಬೇಡ. ನಮ್ಮ ಕಡೆಯವರಿಗೆ ಕೆಳದಿಯದೇ ಸರಿ. ಹಿನ್ನೆಲೆಯನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿ. 1686ರಲ್ಲಿ ಬಿಜಾಪುರ ಬಿತ್ತು. 1687ರಲ್ಲಿ ಗೋಲ್ಕೊಂಡ ಬಿತ್ತು. ಅದೇ ವರ್ಷ ಶಿರಾ ಕೂಡ ಮೊಘಲರ ಕೈಗೆ ಹೋಯಿತು. ಬೆಂಗಳೂರಿಗೆ ಹೋಗುವಾಗ ಬಸ್ಸು ನಿಲ್ಲುವ ನಮ್ಮ ಪಕ್ಕದ ಶಿರಾ! 1689ರ ಮಾರ್ಚಿನಲ್ಲಿ ಶಿವಾಜಿಯ ಹಿರಿಯ ಮಗ, ಮರಾಠರ ರಾಜ ಸಂಭಾಜಿಯನ್ನು ಮೊಘಲರು ಕೊಂದರು. ಅವನ ತಮ್ಮ ರಾಜಾರಾಮ ಕೋಟೆಯಿಂದ ಕೋಟೆಗೆ ತಪ್ಪಿಸಿಕೊಂಡು, ಕಡೆಗೆ ಯಾತ್ರಿಕರ ವೇಷ ಹಾಕಿ ದಕ್ಷಿಣಕ್ಕೆ ಹೊರಟ. ಹೋಗಬೇಕಾದ್ದು ತಮಿಳು ನಾಡಿನ ಜಿಂಜಿ ಕೋಟೆಗೆ. ದಾರಿಯಲ್ಲಿ ಕೆಳದಿಯವರ ಬಿದನೂರು ಸೀಮೆ. ಆಗ ಅವನಿಗೆ 19 ವರ್ಷ. ಇದನ್ನು ಮರೆಯದೆ ಹೇಳಿ. ಎದುರಿಗೆ ಕೂತವರಿಗೆ 17. ವಯಸ್ಸು ಕೇಳಿದ ಮೇಲೆ ಅವರು ಕಥೆ ಕೇಳುವ ರೀತಿಯೇ ಬೇರೆಯಾಗುತ್ತದೆ.

ಚೆನ್ನಮ್ಮ ಅವನನ್ನು ತನ್ನ ಸೀಮೆಯಿಂದ ಆಚೆಗೆ ದಾಟಿಸಿದಳು. ಮೊಘಲ್ ಸೈನ್ಯ ಅವಳ ಮೇಲೆ ಬಂತು. ಮರಾಠರ ಸಂತಾಜಿ ಘೋರ್ಪಡೆ ನೆರವಿಗೆ ಬಂದ. ಕಡೆಗೆ ಒಂದಿಷ್ಟು ಹಣ ಕೊಟ್ಟು ರಾಜಿಯಾಯಿತು. ರಾಜಾರಾಮ 1689ರ ನವೆಂಬರ್ ಹೊತ್ತಿಗೆ ಜಿಂಜಿ ಸೇರಿದ್ದ. ಆ ಕೋಟೆ ಹಿಡಿಯಲು ಮೊಘಲರಿಗೆ 1698 ಆಯಿತು. ಅಷ್ಟರಲ್ಲಿ ಅವನು ಅಲ್ಲಿಂದಲೂ ಜಾರಿಕೊಂಡಿದ್ದ.

ಹಣ ಕೊಟ್ಟ ವಿಷಯ ಬಂದಾಗ ಕೆಲವು ಮಕ್ಕಳ ಮುಖ ಸಪ್ಪಗಾಗುತ್ತದೆ. ವೀರರಾಣಿ ಹಣ ಕೊಟ್ಟಳಾ ಅಂತ. ದಯವಿಟ್ಟು ಅದನ್ನು ಮುಚ್ಚಿಡಬೇಡಿ. ನನಗಂತೂ ಚೆನ್ನಮ್ಮ ಅಲ್ಲೇ ಇನ್ನೂ ದೊಡ್ಡವಳಾಗಿ ಕಾಣುತ್ತಾಳೆ. ಬಿಜಾಪುರ, ಗೋಲ್ಕೊಂಡದಂಥ ಸುಲ್ತಾನರೇ ಮುಳುಗಿದ್ದು ಹಿಂದಿನ ಎರಡು ಮೂರು ವರ್ಷದಲ್ಲಿ. ಅಂಥ ಹೊತ್ತಿನಲ್ಲಿ ಅವಳು ನಂಬಿ ಬಂದವನನ್ನೂ ಒಪ್ಪಿಸಲಿಲ್ಲ, ರಾಜ್ಯವನ್ನೂ ಕಳೆದುಕೊಳ್ಳಲಿಲ್ಲ. ಕೆಳದಿ ಅದಾದ ಮೇಲೆ 1763ರವರೆಗೆ ಬಾಳಿತು. ಮಕ್ಕಳಿಗೆ ಅರ್ಥವಾಗಬೇಕಾದ್ದು ಇಷ್ಟು: ‘ಕೊಡ್ತೀನಿ’ ಮತ್ತು ‘ಕೊಡಲ್ಲ’ ಇವೆರಡರ ನಡುವೆ ತುಂಬಾ ಜಾಗ ಇದೆ. ರಾಯಭಾರಿಗಳು ಕೆಲಸ ಮಾಡುವುದು ಆ ಜಾಗದಲ್ಲೇ.

ನಾಲ್ಕು ಗುಂಪು ಮಾಡಿ, ಮೂರಲ್ಲ

ಕೇಳುವವರು, ಆಶ್ರಯ ಕೊಟ್ಟವರು, ಓಡಿಬಂದವನು. ಈ ಮೂರು ಎಲ್ಲರಿಗೂ ಹೊಳೆಯುತ್ತದೆ. ನಾಲ್ಕನೆಯದು ಪಕ್ಕದ ರಾಜ್ಯ. ನಮ್ಮಲ್ಲಿ ಅದು ದುರ್ಗವೇ. ಭರಮಣ್ಣ ನಾಯಕ ಪಟ್ಟಕ್ಕೆ ಬಂದದ್ದೂ ಅದೇ 1689ರಲ್ಲಿ. ಕೆಳದಿಗೂ ದುರ್ಗಕ್ಕೂ ಹಳೇ ಹಗೆ. ಈಗ ಮೊಘಲರ ದಂಡು ಬಿದನೂರಿನ ಕಡೆ ಹೊರಟಿದೆ ಅಂತ ಸುದ್ದಿ ಬಂದರೆ ದುರ್ಗದವರು ಏನು ಮಾಡಬೇಕು? ಖುಷಿ ಪಡಬೇಕಾ? ನಾಳೆ ನಮ್ಮ ಸರದಿ ಅಂತ ಹೆದರಬೇಕಾ? ದಂಡಿಗೆ ದಾರಿ ಬಿಡಬೇಕಾ? ಈ ಗುಂಪಿಗೆ ಸ್ವಲ್ಪ ಜಗಳಗಂಟ ಮಕ್ಕಳನ್ನೇ ಹಾಕಿ. ಸುಮ್ನೆ ಕೂರದ ಪಕ್ಕದ ಮನೆಯವರಿದ್ದರೆ ಮಾತ್ರ ಆಟಕ್ಕೆ ಜೀವ ಬರುತ್ತದೆ.

ಆಟ ಮುಗಿದ ಮೇಲೆ ಅವರಿಗೆ ಮುಂದೆ ಏನಾಯಿತು ಅಂತ ಹೇಳಿ. 1695ರಲ್ಲಿ ಚಳ್ಳಕೆರೆ ಹತ್ತಿರದ ದೊಡ್ಡೇರಿಯಲ್ಲಿ ಮೊಘಲ್ ಸರದಾರ ಕಾಸಿಂ ಖಾನನನ್ನು ಸಂತಾಜಿ ಸುತ್ತುಗಟ್ಟಿದ. ದುರ್ಗದ ನಾಯಕ ಸಂತಾಜಿಯ ಕಡೆ ನಿಂತಿದ್ದ. ಖಾನ ಅಲ್ಲೇ ತೀರಿಕೊಂಡ. ಮರುವರ್ಷ ಜನವರಿಯಲ್ಲಿ ಇನ್ನೊಬ್ಬ ಸರದಾರ ಹಿಮ್ಮತ್ ಖಾನ್ ಬಸವಾಪಟ್ಟಣದ ಹತ್ತಿರ ಸತ್ತ. ಬಸವಾಪಟ್ಟಣ ಈಗ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕು. ದೊಡ್ಡೇರಿ ಕಡೆಯಿಂದ ಬರುವ ಮಕ್ಕಳು ನಮ್ಮ ಕ್ಲಾಸಿನಲ್ಲೇ ಇರುತ್ತಾರೆ. ‘ನಮ್ಮೂರಾ ಮೇಡಂ?’ ಅಂತ ಅವರು ಕೇಳುವಾಗಿನ ಮುಖ ನೋಡಬೇಕು ನೀವು.

ಗುಂಪಾದ ಮೇಲೆ ಒಂದೊಂದು ಗುಂಪಿಗೂ ಒಂದು ಚೀಟಿ ಕೊಡಿ. ಅದರಲ್ಲಿ ಅವರು ಎರಡೇ ಸಾಲು ಬರೆದು ಮಡಚಿಡಬೇಕು: ನಮಗೆ ನಿಜವಾಗಿ ಬೇಕಾದ್ದೇನು, ನಮಗೆ ನಿಜವಾಗಿ ಭಯ ಇರುವುದು ಯಾವುದರದು. ಬೇರೆ ಗುಂಪಿಗೆ ತೋರಿಸುವಂತಿಲ್ಲ. ಚೀಟಿ ಬರೆಯಿಸದೆ ಆಟ ಶುರು ಮಾಡಬೇಡಿ. ಚೀಟಿ ಇಲ್ಲದಿದ್ದರೆ ಎಲ್ಲರೂ ನಾಟಕದ ಡೈಲಾಗ್ ಹೊಡೆಯುತ್ತಾರೆ, ಯಾರೂ ಲೆಕ್ಕ ಹಾಕುವುದಿಲ್ಲ.

ಕೇಳುವ ಪತ್ರ

ಮೊದಲ ಪತ್ರ ಕೇಳುವವರದು. ಅರ್ಧ ಪುಟ ಸಾಕು. ಅದರಲ್ಲಿ ಮೂರು ವಿಷಯ ಇರಲೇಬೇಕು: ಯಾರನ್ನು ಕೇಳುತ್ತೇವೆ, ಯಾವ ಹಕ್ಕಿನಿಂದ ಕೇಳುತ್ತೇವೆ, ಕೊಡದಿದ್ದರೆ ಏನು. ಎರಡನೆಯದರಲ್ಲಿ ಮಕ್ಕಳು ತಡವರಿಸುತ್ತಾರೆ. ‘ನಾವು ದೊಡ್ಡವರು, ಅದಕ್ಕೆ’ ಅಂತ ಬರೆಯುತ್ತಾರೆ. ದೊಡ್ಡವರೂ ಹಾಗೆ ಬರೆಯುವುದಿಲ್ಲ ಅಂತ ತಿಳಿಸಿ. ನೀವು ನಮಗೆ ಕಪ್ಪ ಕೊಡುವವರು, ಅವನು ನಮ್ಮ ದ್ರೋಹಿ, ಅವನು ನಿಮ್ಮ ನೆಲದಲ್ಲಿ ಕೂತು ನಮ್ಮ ವಿರುದ್ಧ ಸಂಚು ಮಾಡುತ್ತಿದ್ದಾನೆ, ನಮ್ಮ ನಿಮ್ಮ ಒಪ್ಪಂದದಲ್ಲಿ ಹೀಗಿದೆ. ಇಂಥದ್ದೊಂದು ಕಾರಣ ಬೇಕೇ ಬೇಕು. ಯಾಕೆಂದರೆ ಉತ್ತರ ಬರೆಯುವವರು ಹಿಡಿದುಕೊಳ್ಳುವುದು ಆ ಕಾರಣವನ್ನೇ.

ಉತ್ತರದ ಮೇಲೆ ಹೆಚ್ಚು ಹೊತ್ತು ಕಳೆಯಿರಿ

ಇಡೀ ಪಾಠ ಇರುವುದು ಇಲ್ಲಿ. ಎರಡು ಪಿರಿಯಡ್‌ನಲ್ಲಿ ಒಂದನ್ನು ಪೂರ್ತಿ ಇದಕ್ಕೇ ಬಿಡಿ.

ಮೊದಲ ಸಲ ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ‘ನಮ್ಮ ಮನೆಗೆ ಬಂದವರನ್ನು ನಾವು ಬಿಟ್ಟುಕೊಡುವವರಲ್ಲ. ತಾಕತ್ತಿದ್ದರೆ ಬನ್ನಿ.’ ಕ್ಲಾಸು ಚಪ್ಪಾಳೆ ಹೊಡೆಯುತ್ತದೆ. ಹೊಡೆಯಲಿ. ಆಮೇಲೆ ಎರಡನೇ ವಾಕ್ಯದ ಕೆಳಗೆ ಗೆರೆ ಎಳೆದು ಕೇಳಿ: ಈ ವಾಕ್ಯ ಬರೆದದ್ದರಿಂದ ನಿಮ್ಮ ರಾಜ್ಯಕ್ಕೆ ಏನು ಸಿಕ್ಕಿತು? ಬೈಯಬೇಡಿ, ಕೇಳಿ ಅಷ್ಟೆ. ಚೀಟಿಯಲ್ಲಿ ಬರೆದ ಭಯವನ್ನು ಅವರೇ ಮತ್ತೆ ಬಿಚ್ಚಿ ಓದಿಕೊಳ್ಳಲಿ.

ಹೊಸದುರ್ಗದ ಕಡೆಯ ಒಬ್ಬ ಹುಡುಗಿ ತಿದ್ದಿ ಬರೆದ ಉತ್ತರವನ್ನು ನಾನು ಈಗಲೂ ಮಾದರಿಯಾಗಿ ತೋರಿಸುತ್ತೇನೆ (ಇದರಲ್ಲಿ ವಕೀಲ ಅಂದರೆ ಆ ಕಾಲದ ರಾಯಭಾರಿ):

‘ತಮ್ಮ ಪತ್ರ ತಲುಪಿತು. ತಾವು ಹೇಳಿದ ಹೆಸರಿನವರು ಯಾರೂ ನಮ್ಮ ಆಸ್ಥಾನಕ್ಕೆ ಬಂದು ಕಾಣಿಕೆ ಒಪ್ಪಿಸಿಲ್ಲ. ನಮ್ಮ ಸೀಮೆಯಲ್ಲಿ ಯಾತ್ರಿಕರನ್ನು ತಡೆದು ಕುಲ, ಹೆಸರು ಕೇಳುವ ಪದ್ಧತಿ ಹಿಂದಿನಿಂದಲೂ ಇಲ್ಲ. ತಮ್ಮ ಸ್ನೇಹ ನಮಗೆ ಮುಖ್ಯ. ಮಳೆ ನಿಂತ ಮೇಲೆ ನಮ್ಮ ವಕೀಲರು ಬಂದು ಎಲ್ಲವನ್ನೂ ಅರಿಕೆ ಮಾಡುತ್ತಾರೆ.’

ಇದನ್ನು ಬೋರ್ಡಿನ ಮೇಲೆ ಬರೆದು ಒಂದೊಂದು ವಾಕ್ಯವೂ ಏನು ಕೆಲಸ ಮಾಡುತ್ತದೆ ಅಂತ ಕ್ಲಾಸಿಗೇ ಕೇಳಿ. ಪತ್ರ ತಲುಪಿತು ಅಂದದ್ದರಿಂದ ದೊರೆಗೆ ಅವಮಾನವಾಗಲಿಲ್ಲ. ‘ಆಸ್ಥಾನಕ್ಕೆ ಬಂದು ಕಾಣಿಕೆ ಒಪ್ಪಿಸಿಲ್ಲ’ ಅನ್ನೋದು ಅಕ್ಷರ ಹಿಡಿದು ನೋಡಿದರೆ ಸುಳ್ಳಲ್ಲ. ‘ಬಂದೇ ಇಲ್ಲ’ ಅಂತ ಅವಳು ಬರೆದಿಲ್ಲ ನೋಡಿ. ಹಿಂದಿನಿಂದಲೂ ಇಲ್ಲ ಅಂದಾಗ ಇದು ನಿಮ್ಮ ಮೇಲಿನ ಹಗೆಯಲ್ಲ, ನಮ್ಮ ರೂಢಿ ಅಂತಾಯಿತು. ಕೊನೆಯ ವಾಕ್ಯಕ್ಕೆ ನಾನು ಎದ್ದು ನಿಂತು ಶಹಬ್ಬಾಸ್ ಅಂದಿದ್ದೆ. ಮಲೆನಾಡಿನ ಮಳೆಯಲ್ಲಿ ಕುದುರೆ ದಂಡು, ತೋಪಿನ ಗಾಡಿ ಹತ್ತುವುದಿಲ್ಲ. ಮಳೆ ನಿಲ್ಲುವವರೆಗೆ ಅಂದರೆ ಕೆಲವು ತಿಂಗಳು ಸಿಕ್ಕಿತು. ಅಷ್ಟರಲ್ಲಿ ಬಂದವನು ಘಟ್ಟ ದಾಟಿ, ತುಂಗೆ ದಾಟಿ, ಎಲ್ಲೋ ಇರುತ್ತಾನೆ. ಒಂದು ಬೆದರಿಕೆ ಇಲ್ಲದೆ, ಒಂದು ಮಾತು ಕೊಡದೆ ಅವಳು ಕಾಲ ಗಳಿಸಿದ್ದಳು.

ಇಲ್ಲಿ ಒಬ್ಬರಾದರೂ ಕೇಳುತ್ತಾರೆ, ‘ಅಂದ್ರೆ ಸುಳ್ಳು ಹೇಳಬಹುದಾ?’ ಇದು ಒಳ್ಳೆಯ ಪ್ರಶ್ನೆ. ಐದು ನಿಮಿಷ ಚರ್ಚೆ ಬಿಡಿ. ನನ್ನ ಅಭಿಪ್ರಾಯ ಕೇಳಿದರೆ ನಾನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ: ಒಬ್ಬನ ಪ್ರಾಣ ಉಳಿಸಲು ಮಾತನ್ನು ತಡೆದು ಹೇಳಬಹುದು, ಆದರೆ ನಾಳೆ ಬಯಲಾಗುವ ಹಸಿ ಸುಳ್ಳು ಬರೆಯಬಾರದು. ಸಿಕ್ಕಿಬಿದ್ದ ಸುಳ್ಳು ಎದುರಾಳಿಗೆ ಯುದ್ಧದ ಕಾರಣವನ್ನು ಕೈಗೇ ಕೊಟ್ಟಂತೆ.

ಬೇರೆಯವರು ಹೇಗೆ ಉತ್ತರ ಕೊಟ್ಟರು

ಎರಡನೇ ಕರಡು ಬರೆಯುವ ಮೊದಲು ಒಂದೆರಡು ಹೊರಗಿನ ಕಥೆ ಹೇಳಿ. ಎಲ್ಲವನ್ನೂ ಒಂದೇ ದಿನ ಹೇಳಿದರೆ ಗೊಂದಲ. ನಾನು ಹೆಚ್ಚು ಬಳಸುವುದು ಸ್ವಿಟ್ಜರ್ಲೆಂಡಿನದು. ಅಲ್ಲಿ ಎಲ್ಲರೂ ತಮ್ಮ ತಮ್ಮ ಮರ್ಯಾದೆ ಉಳಿಸಿಕೊಂಡರು.

ನೆಪೋಲಿಯನ್ನನ ತಮ್ಮನ ಮಗ ಲೂಯಿ ನೆಪೋಲಿಯನ್. ಅವನ ಮನೆತನಕ್ಕೆ ಫ್ರಾನ್ಸಿನಲ್ಲಿ ಜಾಗವಿಲ್ಲ. ಅವನು ಬೆಳೆದದ್ದು ಗಡಿಯ ಆಚೆ, ಸ್ವಿಟ್ಜರ್ಲೆಂಡಿನ ತುರ್ಗಾವು ಪ್ರಾಂತ್ಯದ ಆರೆನೆನ್‌ಬರ್ಗ್ ಅನ್ನೋ ಮನೆಯಲ್ಲಿ. 1832ರಲ್ಲಿ ತುರ್ಗಾವು ಅವನಿಗೆ ಗೌರವ ಪೌರತ್ವ ಕೊಟ್ಟಿತ್ತು. 1836ರಲ್ಲಿ ಅವನು ಸ್ಟ್ರಾಸ್‌ಬರ್ಗಿನಲ್ಲಿ ದಂಗೆ ಎಬ್ಬಿಸಲು ಹೋಗಿ ಸೋತ. ಅಮೆರಿಕಕ್ಕೆ ಸಾಗಹಾಕಿದರು. ತಾಯಿಗೆ ಹುಷಾರಿಲ್ಲ ಅಂತ ಮರುವರ್ಷ ವಾಪಸ್ ಬಂದ. ತಾಯಿ ತೀರಿಕೊಂಡ ಮೇಲೂ ಅಲ್ಲೇ ಉಳಿದ. 1838ರಲ್ಲಿ ಫ್ರಾನ್ಸ್ ಅವನನ್ನು ಹೊರಹಾಕಿ ಅಂತ ಕೇಳಿತು. ಸ್ವಿಸ್ಸರು ಹೇಳಿದ್ದು: ಅವನು ನಮ್ಮ ಪ್ರಜೆ, ನಮ್ಮ ಪ್ರಜೆಯನ್ನು ನಾವು ಹೇಗೆ ಹೊರಹಾಕೋದು? ಫ್ರಾನ್ಸ್ ಗಡಿಗೆ ಸೈನ್ಯ ತಂದು ನಿಲ್ಲಿಸಿತು. ಸ್ವಿಸ್ಸರೂ ತಮ್ಮ ಪಡೆ ಕರೆದರು. ಇನ್ನೇನು ಹತ್ತಿಕೊಳ್ಳುತ್ತದೆ ಅನ್ನುವಾಗ ಅವನೇ ‘ನಾನಾಗಿಯೇ ಹೋಗುತ್ತೇನೆ’ ಅಂತ ಅಕ್ಟೋಬರಿನಲ್ಲಿ ಇಂಗ್ಲೆಂಡಿಗೆ ಹೊರಟ. ಸ್ವಿಸ್ಸರು ಹೊರಹಾಕಲಿಲ್ಲ. ಫ್ರಾನ್ಸಿಗೆ ಬೇಕಾದ್ದು ಸಿಕ್ಕಿತು. ಹತ್ತು ವರ್ಷಕ್ಕೆ ಅದೇ ಮನುಷ್ಯ ಫ್ರಾನ್ಸಿನ ಅಧ್ಯಕ್ಷನಾದ, ಆಮೇಲೆ ಚಕ್ರವರ್ತಿ. ಇದನ್ನು ಕೇಳಿದ ಮೇಲೆ ಮಕ್ಕಳ ಉತ್ತರದಲ್ಲಿ ಒಂದು ಹೊಸ ದಾರಿ ಕಾಣಿಸಿಕೊಳ್ಳುತ್ತದೆ. ಬಂದವನ ಹತ್ತಿರವೂ ಮಾತಾಡಬಹುದು ಅಂತ ಅವರಿಗೆ ಹೊಳೆಯುತ್ತದೆ.

ಕಾನೂನು ಹಿಡಿದು ಉತ್ತರ ಕೊಡುವುದು ಹೇಗೆ ಅಂತ ತೋರಿಸಲು ನೆದರ್ಲೆಂಡ್ಸ್ ಒಳ್ಳೆಯದು. ರಾಜಕುಮಾರನಲ್ಲ, ಪಟ್ಟ ಬಿಟ್ಟ ಚಕ್ರವರ್ತಿ, ಆದರೆ ಜಗಳ ಅದೇ. 1918ರ ನವೆಂಬರ್ 10ರಂದು ಜರ್ಮನಿಯ ಕೈಸರ್ ಎರಡನೇ ವಿಲ್‌ಹೆಲ್ಮ್ ಗಡಿ ದಾಟಿ ಡಚ್ಚರ ನೆಲಕ್ಕೆ ಬಂದ. ಮೊದಲ ಮಹಾಯುದ್ಧ ಗೆದ್ದ ದೇಶಗಳು ವರ್ಸೇಲ್ಸ್ ಒಪ್ಪಂದದ 227ನೇ ವಿಧಿಯಲ್ಲಿ ಅವನ ಮೇಲೆ ವಿಚಾರಣೆ ನಡೆಸುತ್ತೇವೆ ಅಂತ ಬರೆದುಕೊಂಡಿದ್ದವು. 1920ರ ಜನವರಿಯಲ್ಲಿ ಒಪ್ಪಿಸಿ ಅಂತ ಕೇಳಿದವು. ಡಚ್ಚರು ಇಲ್ಲ ಅಂದರು. ಮತ್ತೆ ಕೇಳಿದರು, ಮತ್ತೆ ಇಲ್ಲ ಅಂದರು. ಆ ಒಪ್ಪಂದಕ್ಕೆ ನಾವು ಸೇರಿಲ್ಲ, ನಮ್ಮ ಕಾನೂನಿನಲ್ಲಿ ಅಂಥ ಅಪರಾಧವೇ ಇಲ್ಲ, ಸೋತವರಿಗೆ ನಮ್ಮ ನೆಲ ಹಿಂದಿನಿಂದ ಆಶ್ರಯ ಕೊಟ್ಟಿದೆ. ಅವರ ಮಾತಿನ ಸಾರ ಇಷ್ಟೇ. ಆದರೆ ಬರೀ ಇಲ್ಲ ಅಂದು ಬಿಡಲಿಲ್ಲ. ಯುಟ್ರೆಕ್ಟ್ ಪ್ರಾಂತ್ಯದ ಒಂದು ಭಾಗ ಬಿಟ್ಟು ಅವನು ಹೊರಗೆ ಹೋಗುವಂತಿಲ್ಲ ಅಂತ ಆಜ್ಞೆ ಮಾಡಿದರು. ಕೇಳಿದವರ ಭಯ ಅವನು ಮತ್ತೆ ಎದ್ದು ಬರುತ್ತಾನೆ ಅನ್ನೋದು. ಆ ಭಯಕ್ಕೆ ಮದ್ದು ಕೊಟ್ಟರು, ಮನುಷ್ಯನನ್ನು ಕೊಡಲಿಲ್ಲ. ಕೈಸರ್ 1941ರಲ್ಲಿ ಡೋರ್ನ್ ಊರಿನ ತನ್ನ ಮನೆಯಲ್ಲೇ ಸತ್ತ.

ಎದುರಾಳಿಯ ಚೀಟಿಯಲ್ಲಿ ಇರುವ ಭಯ ಯಾವುದು ಅಂತ ಊಹಿಸಿ, ಅದಕ್ಕೆ ಉತ್ತರ ಬರೆಯಿರಿ ಅಂತ ಈಗ ಮಕ್ಕಳಿಗೆ ಹೇಳಿ. ಎರಡನೇ ಕರಡು ತಾನಾಗೇ ಸುಧಾರಿಸುತ್ತದೆ.

ಮೂರನೇ ದೇಶಕ್ಕೆ ಕಳಿಸುವ ದಾರಿ ಬೇಕಿದ್ದರೆ ಸ್ಟುವರ್ಟರ ಕಥೆ ಇದೆ. ಇಂಗ್ಲೆಂಡಿನ ಪಟ್ಟ ಕಳೆದುಕೊಂಡ ಎರಡನೇ ಜೇಮ್ಸನ ಮಗ ಫ್ರಾನ್ಸಿನಲ್ಲಿದ್ದ. ಇಂಗ್ಲೆಂಡಿನ ಜೊತೆಗಿನ 1713ರ ಒಪ್ಪಂದಕ್ಕಾಗಿ ಫ್ರಾನ್ಸ್ ಅವನನ್ನು ಪಕ್ಕದ ಲೊರೇನಿಗೆ ಕಳಿಸಿತು. ಅದು ಮರ್ಯಾದೆಯ ವಿದಾಯ. 1748ರ ಒಪ್ಪಂದವಾದಾಗ ಆ ಮಗನ ಮಗ ಚಾರ್ಲ್ಸ್ ನಾನು ಹೋಗಲ್ಲ ಅಂತ ಹಟ ಹಿಡಿದ. ಪ್ಯಾರಿಸ್ಸಿನ ಒಪೆರಾ ಬಾಗಿಲಲ್ಲೇ ಹಿಡಿದು ದೇಶದಿಂದ ಹೊರಗೆ ಬಿಟ್ಟರು. ಒಂದೇ ಮನೆತನ, ಒಂದೇ ದೇಶ, ಎರಡು ಥರದ ಬೀಳ್ಕೊಡುಗೆ. ಇದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗಿ.

ಪತ್ರವೇ ಬರೆಯದ ದೊರೆಯೂ ಇದ್ದಾನೆ ಅಂತ ಒಂದು ಸಲ ಹೇಳಲೇಬೇಕು. ಫ್ರಾನ್ಸಿನ ಹಳೇ ರಾಜಮನೆತನವಾದ ಬೂರ್ಬನ್ನರ ಆಂಗ್ಯೆನ್ ಡ್ಯೂಕ್ ಗಡಿಯ ಆಚೆ ಬಾಡೆನ್ ಸಂಸ್ಥಾನದ ಎಟೆನ್‌ಹೈಮಿನಲ್ಲಿ ವಾಸವಿದ್ದ. 1804ರ ಮಾರ್ಚಿನಲ್ಲಿ ನೆಪೋಲಿಯನ್ನನ ಕುದುರೆ ಪಡೆ ರಾತ್ರೋರಾತ್ರಿ ರೈನ್ ನದಿ ದಾಟಿ ಅವನನ್ನು ಎತ್ತಿಕೊಂಡು ಹೋಯಿತು. ಮಾರ್ಚ್ 21ರಂದು ವೆನ್ಸೇನ್ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಬಾಡೆನ್ ಚಿಕ್ಕದು, ಏನೂ ಮಾಡಲಾಗಲಿಲ್ಲ. ಆದರೆ ಯೂರೋಪಿನ ಬೇರೆ ಆಸ್ಥಾನಗಳು ಇದನ್ನು ಮರೆಯಲಿಲ್ಲ. ಗಡಿಗೆ ಬೆಲೆ ಕೊಡದವನ ಜೊತೆ ಒಪ್ಪಂದ ಮಾಡಿ ಏನು ಫಲ ಅಂತ ಯೋಚಿಸುವಂತಾಯಿತು. ಕೇಳುವವರ ಗುಂಪು ಜಾಸ್ತಿ ಹಾರಾಡಿದರೆ ಈ ಕಥೆ ಹೇಳಿ.

ಓಡಿಬಂದವನನ್ನು ಮರೆಯಬೇಡಿ

ಎಲ್ಲ ಕಡೆಯವರೂ ಮಾತಾಡುತ್ತಾರೆ, ರಾಜಕುಮಾರನ ಪಾತ್ರದ ಹುಡುಗ ಮೂಲೆಯಲ್ಲಿ ಕೂತಿರುತ್ತಾನೆ. ಚರಿತ್ರೆಯಲ್ಲೂ ಹಾಗೇ ಆಗಿದೆ. ಅದಕ್ಕೇ ಪ್ರತಿ ಪತ್ರ ಓದಿದ ಮೇಲೂ ಅವನ ಗುಂಪಿಗೆ ಎರಡು ನಿಮಿಷ ಕೊಡಿ.

ಇದಕ್ಕೆ ಜೆಮ್ ಸುಲ್ತಾನನ ಕಥೆಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ನನಗೆ ತುಂಬಾ ಸಂಕಟ ಕೊಡುವ ಕಥೆಯೂ ಅದೇ. ಕಾನ್‌ಸ್ಟಾಂಟಿನೋಪಲ್ ಗೆದ್ದ ತುರ್ಕರ ಸುಲ್ತಾನ ಎರಡನೇ ಮೆಹ್ಮದ್ 1481ರಲ್ಲಿ ಸತ್ತ. ಮಕ್ಕಳಾದ ಬಾಯೆಜೀದ್ ಮತ್ತು ಜೆಮ್ ಪಟ್ಟಕ್ಕೆ ಕಾದಾಡಿದರು. ಸೋತ ಜೆಮ್ ಮೊದಲು ಕೈರೋಗೆ ಹೋದ, ಈಜಿಪ್ಟಿನ ಮಮ್ಲೂಕ್ ಸುಲ್ತಾನ ಕಾಯಿತ್‌ಬೇ ಮರ್ಯಾದೆಯಿಂದ ಬರಮಾಡಿಕೊಂಡ. ಮತ್ತೆ ಬಂದು ಪ್ರಯತ್ನ ಮಾಡಿ ಸೋತು 1482ರಲ್ಲಿ ರೋಡ್ಸ್ ದ್ವೀಪದ ನೈಟ್‌ಗಳ (ಕ್ರೈಸ್ತ ಯೋಧರ ಸಂಘ) ಹತ್ತಿರ ಹೋದ. ಆಶ್ರಯ ಅಂತ ಹೋದವನು ಒತ್ತೆಯಾಳಾದ. ಅವನನ್ನು ಬಿಡದೆ ಇಟ್ಟುಕೊಳ್ಳಿ ಅಂತ ಅಣ್ಣ ವರ್ಷ ವರ್ಷ ಹತ್ತಾರು ಸಾವಿರ ಚಿನ್ನದ ನಾಣ್ಯ ಕಳಿಸುತ್ತಿದ್ದ. ನೈಟ್‌ಗಳು ಅವನನ್ನು ಫ್ರಾನ್ಸಿಗೆ ಒಯ್ದರು, ಬೂರ್ಗನೆಫ್ ಅನ್ನೋ ಊರಿನಲ್ಲಿ ಒಂದು ಗೋಪುರದಲ್ಲಿ ಇಟ್ಟರು. 1489ರಲ್ಲಿ ಪೋಪನ ಕೈಗೆ ಹೋದ. 1495ರಲ್ಲಿ ಫ್ರಾನ್ಸಿನ ಎಂಟನೇ ಚಾರ್ಲ್ಸ್ ಅವನನ್ನು ಪೋಪನಿಂದ ತನ್ನ ಜೊತೆಗೆ ಕರೆದುಕೊಂಡು ಹೊರಟ. ಆ ಫೆಬ್ರವರಿಯಲ್ಲಿ ಜೆಮ್ ಸತ್ತ. ಹೆಣವನ್ನು ಊರಿಗೆ ತರಲೂ ವರ್ಷಗಟ್ಟಲೆ ಚೌಕಾಸಿ. 1499ರಲ್ಲಿ ಬುರ್ಸಾದಲ್ಲಿ ಮಣ್ಣು ಮಾಡಿದರು. ಆಶ್ರಯ ಕೊಟ್ಟವರೆಲ್ಲ ಒಳ್ಳೆಯವರು ಅಂತ ಮಕ್ಕಳು ಅಂದುಕೊಂಡಿದ್ದರೆ, ಹದಿಮೂರು ವರ್ಷ ಮಾರಾಟದ ಸರಕಾಗಿ ಬದುಕಿದ ಈ ಮನುಷ್ಯನ ಕಥೆ ಹೇಳಿ.

ಆಮೇಲೆ ಉತ್ತರ ಬರೆಯುವ ಗುಂಪಿಗೆ ಒಂದೇ ಪ್ರಶ್ನೆ: ನಿಮ್ಮ ಪತ್ರ ಅವನಿಗೆ ಓದಿ ಹೇಳಿದರೆ ಅವನು ಇವತ್ತು ರಾತ್ರಿ ನಿಮ್ಮ ಊರಲ್ಲಿ ನಿದ್ದೆ ಮಾಡುತ್ತಾನಾ?

ಜಾತಿ ಧರ್ಮದ ಮಾತು ಬಂದಾಗ

ಔರಂಗಜೇಬನ ಹೆಸರು ಬಂದ ಮೇಲೆ ಕ್ಲಾಸು ಹಿಂದೂ ಮುಸ್ಲಿಂ ಅಂತ ಎರಡಾಗುವ ಅಪಾಯ ಇದೆ. ನಮ್ಮ ಬೆಂಚುಗಳಲ್ಲಿ ಎಲ್ಲ ಮನೆಯ ಮಕ್ಕಳೂ ಇದ್ದಾರೆ. ಯಾರೊಬ್ಬರೂ ತಲೆ ತಗ್ಗಿಸಿ ಕೂರುವಂತೆ ಆಗಬಾರದು. ಇದರ ಬಗ್ಗೆ ನಾನು ತುಂಬಾ ಗಟ್ಟಿ. ಭಾಷಣ ಮಾಡಬೇಡಿ, ರಾಜಕುಮಾರ ಅಕ್ಬರನ ಕಥೆ ಹೇಳಿ.

ಈ ಅಕ್ಬರ ಔರಂಗಜೇಬನ ಸ್ವಂತ ಮಗ. 1681ರ ಜನವರಿಯಲ್ಲಿ ಅಪ್ಪನ ವಿರುದ್ಧ ಎದ್ದು ಸೋತ. ರಾಠೋಡರ ದುರ್ಗಾದಾಸ ಅವನನ್ನು ಕರೆದುಕೊಂಡು ದಕ್ಷಿಣಕ್ಕೆ ಬಂದ. ಆಶ್ರಯ ಕೊಟ್ಟದ್ದು ಸಂಭಾಜಿ. ಮೊಘಲ್ ರಾಜಕುಮಾರ ಮರಾಠಾ ರಾಜನ ನೆಲದಲ್ಲಿ! ಮಗನ ಬೆನ್ನು ಹತ್ತಿ ಔರಂಗಜೇಬ ತಾನೇ ದಕ್ಷಿಣಕ್ಕೆ ಬಂದ, ಮತ್ತೆ ದೆಹಲಿ ನೋಡಲಿಲ್ಲ, 1707ರಲ್ಲಿ ಅಹ್ಮದ್‌ನಗರದಲ್ಲಿ ಸತ್ತ. ಅಕ್ಬರ 1687ರಲ್ಲಿ ಹಡಗು ಹತ್ತಿ ಪರ್ಷಿಯಾಕ್ಕೆ ಹೋದ. ಅಲ್ಲಿನ ಷಾ ಸತ್ಕಾರ ಮಾಡಿದ, ಹಿಂದೂಸ್ತಾನದ ಮೇಲೆ ಹೋಗಲು ಸೈನ್ಯ ಕೊಡಲಿಲ್ಲ. ಅಕ್ಬರ ಅಲ್ಲೇ ತೀರಿಕೊಂಡ. ಅವನು ಹೊರಟ ಎರಡೇ ವರ್ಷಕ್ಕೆ ಆಶ್ರಯ ಕೊಟ್ಟವನ ತಮ್ಮನೇ ಆಶ್ರಯ ಕೇಳಿಕೊಂಡು ಬಿದನೂರಿಗೆ ಬಂದ. ಇದಿಷ್ಟು ಕೇಳಿದ ಮೇಲೆ ಧರ್ಮದ ಗೆರೆ ಎಳೆಯಲು ಯಾರಿಗೂ ಜಾಗ ಸಿಗುವುದಿಲ್ಲ.

ಇವತ್ತಿನ ಕಾಲಕ್ಕೆ ತನ್ನಿ

ಹಳೇ ಕಥೆಗೆ ನಿಲ್ಲಿಸಿದರೆ ಮಕ್ಕಳಿಗೆ ಇದೆಲ್ಲ ಕುದುರೆ ಕಾಲದ್ದು ಅನ್ನಿಸುತ್ತದೆ. 1950ರ ನವೆಂಬರಿನಲ್ಲಿ ನೇಪಾಳದ ರಾಜ ತ್ರಿಭುವನ್, ಆಡಳಿತವನ್ನೆಲ್ಲ ತಮ್ಮ ಕೈಲಿಟ್ಟುಕೊಂಡಿದ್ದ ಪ್ರಧಾನಿ ಮನೆತನ ರಾಣಾಗಳ ಹಿಡಿತ ತಪ್ಪಿಸಿಕೊಂಡು ಯುವರಾಜ ಮಹೇಂದ್ರನನ್ನೂ ಕರೆದುಕೊಂಡು ಕಾಠ್ಮಂಡುವಿನ ಭಾರತದ ರಾಯಭಾರ ಕಚೇರಿಯೊಳಗೆ ಹೊಕ್ಕ. ರಾಣಾಗಳು ಅರಮನೆಯಲ್ಲೇ ಉಳಿದಿದ್ದ ಮೂರು ವರ್ಷದ ಮೊಮ್ಮಗ ಜ್ಞಾನೇಂದ್ರನಿಗೆ ಪಟ್ಟ ಕಟ್ಟಿದರು. ಭಾರತ ಆ ಮಗುವನ್ನು ರಾಜ ಅಂತ ಒಪ್ಪಲಿಲ್ಲ. ತ್ರಿಭುವನ್ ವಿಮಾನದಲ್ಲಿ ದೆಹಲಿಗೆ ಬಂದ. ಮಾತುಕತೆ ನಡೆದು 1951ರ ಫೆಬ್ರವರಿಯಲ್ಲಿ ವಾಪಸ್ ಹೋದ. ಇಲ್ಲಿ ಆಶ್ರಯ ಕೊಟ್ಟವರು ನಾವೇ. ಈ ಸಲ ಗಡಿ ಇದ್ದದ್ದು ಒಂದು ಕಚೇರಿಯ ಗೇಟಿನಲ್ಲಿ.

1959ರ ಮಾರ್ಚ್ 31ರಂದು ದಲೈ ಲಾಮಾ ಭಾರತದ ಗಡಿಯೊಳಗೆ ಬಂದರು. ಬೈಲಕುಪ್ಪೆಗೆ ಟೂರ್ ಹೋಗಿಬಂದ ಮಕ್ಕಳು ಕ್ಲಾಸಿನಲ್ಲಿ ಇದ್ದೇ ಇರುತ್ತಾರೆ, ಅವರ ಕೈಲೇ ಹೇಳಿಸಿ. ಭಾರತ ಇರಲು ಜಾಗ ಕೊಟ್ಟಿತು, ನಮ್ಮ ನೆಲದಿಂದ ರಾಜಕೀಯ ಚಟುವಟಿಕೆ ಬೇಡ ಅಂತಲೂ ಹೇಳಿತು. ಡಚ್ಚರು ಕೈಸರಿಗೆ ಕೊಟ್ಟ ಉತ್ತರ ನೆನಪಿಗೆ ಬರುತ್ತದೆ, ಅಲ್ವಾ? ಇಬ್ಬರು ಮನುಷ್ಯರಿಗೆ ಹೋಲಿಕೆಯೇ ಇಲ್ಲ. ಆದರೆ ಆಶ್ರಯ ಕೊಟ್ಟವರ ಲೆಕ್ಕ ಒಂದೇ.

ನಿಯಮ ಕೇಳುವ ಮಕ್ಕಳಿಗೆ ಇಷ್ಟು ಬರೆಸಿ. 1967ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಂದು ಘೋಷಣೆ ಮಾಡಿತು: ಆಶ್ರಯ ಕೊಡುವುದು ಶಾಂತಿಯ, ಮನುಷ್ಯತ್ವದ ಕೆಲಸ, ಅದನ್ನು ಬೇರೆ ದೇಶ ಹಗೆತನ ಅಂತ ತಿಳಿಯಬಾರದು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೆ ನಮ್ಮ 1962ರ ಹಸ್ತಾಂತರ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ರಾಜಕೀಯ ಸ್ವರೂಪದ ಅಪರಾಧಕ್ಕೆ ಯಾರನ್ನೂ ಒಪ್ಪಿಸುವಂತಿಲ್ಲ.

ಅಂಕ ಮತ್ತು ಸಮಯ

ಅಂಕ ಕೊಡುವುದಾದರೆ ಜೋರಾಗಿ ಮಾತಾಡಿದವರಿಗೆ ಕೊಡಬೇಡಿ. ಪತ್ರಕ್ಕೆ ಕೊಡಿ. ಎದುರಿನವರ ಭಯ ಗುರುತಿಸಿದ್ದಾರಾ, ಹಿಂದೆ ಬರಲು ಒಂದು ದಾರಿ ಉಳಿಸಿದ್ದಾರಾ, ಬಂದವನ ಪ್ರಾಣ ಉಳಿಯಿತಾ, ಸುಮ್ನೆ ಬೈದಿದ್ದಾರಾ. ನಾನು ನೋಡುವುದು ಇವನ್ನೇ. ಅಕ್ಷರ ಚೆಂದ ಇಲ್ಲದಿದ್ದರೂ ಪರವಾಗಿಲ್ಲ. ಒಬ್ಬನೇ ಎಲ್ಲ ಬರೆಯದಂತೆ ಒಂದೊಂದು ಕರಡಿಗೂ ಬೇರೆ ಬೇರೆ ಕೈಯಲ್ಲಿ ಪೆನ್ನು ಕೊಡಿ. ಹುಡುಗಿಯರಿಗೆ ಬರೀ ಚೆನ್ನಮ್ಮನ ಪಾತ್ರ ಅಂತ ಕೂರಿಸಬೇಡಿ, ಔರಂಗಜೇಬನ ಕಡೆಯ ಪತ್ರ ಅವರೇ ಬರೆಯಲಿ.

ದಿನದ ಕೊನೆಯ ಪಿರಿಯಡ್ ಬೇಡ. ಹಳ್ಳಿಗೆ ಹೋಗುವ ಮಕ್ಕಳ ಕಣ್ಣು ಬಸ್ಸಿನ ಮೇಲೆ ಇರುತ್ತದೆ, ಮಾತುಕತೆ ಅರ್ಧಕ್ಕೆ ನಿಲ್ಲುತ್ತದೆ. ಬೆಲ್ ಹೊಡೆಯಲು ಹತ್ತು ನಿಮಿಷ ಇರುವಾಗ ಎಲ್ಲ ಚೀಟಿಗಳನ್ನೂ ಬಿಚ್ಚಿಸಿ ಗಟ್ಟಿಯಾಗಿ ಓದಿಸಿ. ಯಾರ ಭಯ ಯಾರು ಸರಿಯಾಗಿ ಊಹಿಸಿದ್ದರು ಅಂತ ಆಗ ಗೊತ್ತಾಗುತ್ತದೆ. ಮುಂದಿನ ವಾರ ಗುಂಪುಗಳನ್ನು ಅದಲು ಬದಲು ಮಾಡಿ, ಕಥೆಯನ್ನು 1838ರ ಸ್ವಿಟ್ಜರ್ಲೆಂಡಿಗೆ ಒಯ್ಯಿರಿ. ಆದರೆ ಲೂಯಿ ನೆಪೋಲಿಯನ್ ಪಾತ್ರದವರಿಗೆ ತಾವಾಗಿಯೇ ಹೊರಡುವ ಅವಕಾಶ ಕೊಡಬೇಡಿ. ಅವನು ಹೋಗಲ್ಲ ಅಂತ ಕೂತರೆ ಸ್ವಿಸ್ಸರು ಏನು ಬರೆಯುತ್ತಾರೆ, ನೋಡೋಣ.